ಕತ್ತೆಯ ಮೇಲೆ ಬಂದ ಸೋದರಮಾವ

ಸಾನಮಾವು ಕಾಡಿನ ಅಂಚಿನ ಆ ಊರಿನಲ್ಲಿ, ಆನೆಗೂ ರಾಮಾಂಜಿನಪ್ಪನ ಸಿಟ್ಟಿಗೂ ಒಂದೇ ಗುಣ ಎಂದು ಜನ ಹೇಳುತ್ತಿದ್ದರು. ಎರಡೂ ಹೇಳಿ ಕೇಳಿ ಬರುವುದಿಲ್ಲ, ಬಂದರೆ ಬೇಲಿ ನೋಡುವುದಿಲ್ಲ. ವ್ಯತ್ಯಾಸ ಇಷ್ಟೇ. ಆನೆ ತಿನ್ನುವಷ್ಟು ತಿಂದು ಕಾಡಿಗೆ ಹೊರಟುಹೋಗುತ್ತದೆ. ರಾಮಾಂಜಿನಪ್ಪ ಆಡಬಾರದ ಮಾತು ಆಡಿ ಅದರಲ್ಲೇ ಸಿಕ್ಕಿಕೊಳ್ಳುತ್ತಾನೆ.

ಅವನು ಸಿಕ್ಕಿಕೊಂಡದ್ದು ಆನೆಯ ದೆಸೆಯಿಂದಲೇ. ಕೆಲವು ವರ್ಷಗಳ ಹಿಂದೆ, ರಾಗಿ ತೆನೆ ಬಲಿತು ಬಾಗಿದ್ದ ಕಾಲದಲ್ಲಿ, ಆನೆಗಳ ಹಿಂಡೊಂದು ವೆಂಕಟರಾಮಪ್ಪನ ಹೊಲಕ್ಕೆ ಇಳಿಯಿತು. ಈ ವೆಂಕಟರಾಮಪ್ಪ ಬೇರೆ ಯಾರೂ ಅಲ್ಲ, ರಾಮಾಂಜಿನಪ್ಪನ ತಂಗಿ ವರಲಕ್ಷ್ಮಮ್ಮನ ಗಂಡ. ಅವನು ಪಟಾಕಿ ಹಚ್ಚಿದ, ತಗಡು ಬಡಿದ, ಗಂಟಲು ಹರಿಯುವ ಹಾಗೆ ಕೂಗಿದ. ಆನೆಗಳು ಓಡಿದವು, ಆದರೆ ಕಾಡಿನ ಕಡೆಗಲ್ಲ, ಪಕ್ಕದ ಹೊಲಕ್ಕೆ. ಪಕ್ಕದ ಹೊಲ ರಾಮಾಂಜಿನಪ್ಪನದು. ಬೆಳಗಾಗಿ ನೋಡಿದರೆ ಅವನ ರಾಗಿ ಚಾಪೆ ಹಾಸಿದ ಹಾಗೆ ಮಲಗಿತ್ತು.

ಅರಳಿಕಟ್ಟೆಯ ಹತ್ತಿರ ಊರೆಲ್ಲ ಸೇರಿತು.

"ಬೇಕಂತಲೇ ನನ್ನ ಹೊಲಕ್ಕೆ ಅಟ್ದೆ ಕಣ್ಲಾ!" ಎಂದ ರಾಮಾಂಜಿನಪ್ಪ.

"ನಾನೇನು ಆನೆಗೆ ಮೂಗುದಾರ ಹಾಕಿದ್ನಾ ಭಾವ? ಎತ್ತ ದಾರಿ ಕಾಣ್ತೋ ಅತ್ತ ಓಡ್ತು."

"ನಿನ್ನ ಹೊಲ ಹೆಂಗ್ಲಾ ಉಳೀತು ಮತ್ತೆ?"

"ನಾನು ಎದ್ದು ಕಾದಿದ್ದೆ. ನೀನು ಮನೇಲಿ ಗೊರಕೆ ಹೊಡೀತಿದ್ದೆ."

ಸುಳ್ಳು ಹೇಳಿದ್ದರೆ ರಾಮಾಂಜಿನಪ್ಪ ಸಹಿಸಿಕೊಳ್ಳುತ್ತಿದ್ದನೇನೋ. ನಿಜ ಕೇಳಿ ಅವನ ಮೈಗೆ ಬೆಂಕಿ ಬಿತ್ತು. ಹೆಗಲ ಮೇಲಿನ ಟವೆಲ್ ತೆಗೆದು ನೆಲಕ್ಕೆ ಬಡಿದ.

"ಇವತ್ತಿಗೆ ಮುಗೀತು. ಇನ್ ಮ್ಯಾಕೆ ನಿನ್ನ ಬಾಗ್ಲು ತುಳಿಯಾಕಿಲ್ಲ. ತುಳಿದ್ರೆ ಕತ್ತೆ ಮ್ಯಾಲೆ ಕುಂತ್ಕಂಡು ಬತ್ತೀನಿ, ಊರೆಲ್ಲಾ ನೋಡ್ಲಿ!"

ಕತ್ತೆಯ ಮೇಲೆ ಕೂರುವುದು ಅಂದರೆ ಆ ಸೀಮೆಯಲ್ಲಿ ಏನು ಅಂತ ಎಲ್ಲರಿಗೂ ಗೊತ್ತು. ಹಿಂದಿನ ಕಾಲದಲ್ಲಿ ಕಳ್ಳರ ತಲೆ ಬೋಳಿಸಿ, ಸುಣ್ಣದ ಬೊಟ್ಟು ಇಟ್ಟು, ಬಾಲದ ಕಡೆಗೆ ಮುಖ ಮಾಡಿಸಿ ಕೂರಿಸುತ್ತಿದ್ದರು. ಅದಕ್ಕಿಂತ ದೊಡ್ಡ ಮಾನಗೇಡು ಇನ್ನೊಂದಿಲ್ಲ. ಅಂದರೆ, ಸತ್ತರೂ ಬರುವುದಿಲ್ಲ ಎಂದು ರಾಮಾಂಜಿನಪ್ಪ ಹೇಳಿದ ಹಾಗಾಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಮರುವಾರವೇ ಸಿಟ್ಟು ಇಳಿಯಿತು. ಮಾತು ಮಾತ್ರ ಹಾಗೆಯೇ ನಿಂತಿತು. ಒಂದೇ ಬೀದಿಯ ಆ ತುದಿಯಲ್ಲಿ ಒಬ್ಬ, ಈ ತುದಿಯಲ್ಲಿ ಒಬ್ಬ. ಎದುರಾದರೆ ಇಬ್ಬರೂ ಆಕಾಶ ನೋಡುತ್ತಿದ್ದರು.

ಇದರಲ್ಲಿ ರಾಮಾಂಜಿನಪ್ಪನ ಹೊಟ್ಟೆ ಉರಿಯುತ್ತಿದ್ದುದು ಒಂದೇ ಕಾರಣಕ್ಕೆ. ತಂಗಿಯ ಮಗಳು ಜಯಂತಿ. ಮಕ್ಕಳಿಲ್ಲದ ರಾಮಾಂಜಿನಪ್ಪ ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದ. ಕಿವಿ ಚುಚ್ಚಿಸಿದ್ದು ಅವನ ತೊಡೆಯ ಮೇಲೆ ಕೂರಿಸಿ. ಈಗ ಅವಳು ಸೂಳಗಿರಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಸಂಜೆ ಕಂಪನಿ ಬಸ್ಸು ಹೆದ್ದಾರಿಯಲ್ಲಿ ನಿಲ್ಲುವ ಹೊತ್ತಿಗೆ ರಾಮಾಂಜಿನಪ್ಪನಿಗೆ ತಪ್ಪದೆ ಅಲ್ಲಿ ಟೀ ಕುಡಿಯುವ ಚಪಲ ಹುಟ್ಟುತ್ತಿತ್ತು. ಬಸ್ಸಿಳಿದವಳು, "ಏನ್ ಮಾವ, ಇವತ್ತೂ ಮನೇಲಿ ಟೀ ಪುಡಿ ಆಗೋಯ್ತಾ?" ಎಂದು ನಗುತ್ತಾ ಬೋಂಡಾ ಕೊಡಿಸುತ್ತಿದ್ದಳು. ಊರು ಬರುವ ತನಕ ಇಬ್ಬರೂ ಮಾತಾಡುತ್ತಾ ನಡೆದು, ಬೀದಿಯ ತಿರುವಿನಲ್ಲಿ ಪರಿಚಯವೇ ಇಲ್ಲದವರ ಹಾಗೆ ಬೇರೆಯಾಗುತ್ತಿದ್ದರು.

ಕಾರ್ತಿಕ ಕಳೆಯುತ್ತಿದ್ದಂತೆ ಜಯಂತಿಗೆ ಗುಮ್ಮಳಾಪುರದ ಮುನೀಶ್ ಎಂಬ ಹುಡುಗನ ಜೊತೆ ಮದುವೆ ಗೊತ್ತಾಯಿತು. ವರಲಕ್ಷ್ಮಮ್ಮ ಕುಂಕುಮದ ಭರಣಿ ಹಿಡಿದು ಅಣ್ಣನ ಮನೆಗೆ ಬಂದಳು. ಅವಳು ಬರುವುದಕ್ಕೆ ಯಾವ ಆಣೆಯೂ ಅಡ್ಡ ಇರಲಿಲ್ಲ. ಅತ್ತಿಗೆ ರಮಾದೇವಿಯ ಹಣೆಗೆ ಕುಂಕುಮ ಇಟ್ಟು, ಅಣ್ಣನ ಎದುರಿಗೆ ನೆಲದ ಮೇಲೆ ಕೂತಳು.

"ಅಣ್ಣ, ಶುಕ್ರವಾರ ಮುಹೂರ್ತ. ಹೆಣ್ಣನ್ನ ಹಸೆಗೆ ಕರ್ಕಂಡ್ ಹೋಗ್ಬೇಕಾದೋನು ಸೋದರಮಾವ. ನೀನು ಬತ್ತೀಯೋ ಇಲ್ವೋ?"

"ನಿನ್ನ ಗಂಡನ್ನ ಬಂದು ಕರಿಯಾಕೆ ಹೇಳು. ತಪ್ಪಾಯ್ತು ಅನ್ಲಿ."

"ಅವ್ರೂ ಅದನ್ನೇ ಹೇಳ್ತಾ ಕುಂತವ್ರೆ, ನಿಮ್ಮಣ್ಣ ಬಂದು ತಪ್ಪಾಯ್ತು ಅನ್ಲಿ ಅಂತ. ಕಾಯ್ತಾ ಇರಿ ಇಬ್ರೂ. ನಿಮ್ಮ ದೇವ್ರು ಮೇಲಿಂದ ಇಳಿದು ಬಂದು ರಾಜಿ ಮಾಡಿಸ್ಲಿ."

"ಸೂಳಗಿರಿ ಛತ್ರದಾಗೆ ಮಾಡ್ರಿ ಮದ್ವೇನ. ಛತ್ರ ಅವನ ಬಾಗ್ಲಲ್ಲ. ಅಲ್ಲಿಗಾದ್ರೆ ಬತ್ತೀನಿ."

"ಹೇಳಿ ನೋಡ್ದೆ. ನನ್ನ ಮಗಳ ಮದ್ವೆ ನನ್ನ ಅಂಗಳದಾಗೇ ಅಂತ ಪಟ್ಟು ಹಿಡಿದವ್ರೆ. ನೀನು ಬರ್ದಿದ್ರೆ ಮೂರ್ತಿ ಕೈಲಿ ಮಾಡಿಸ್ತಾರಂತೆ."

ಮೂರ್ತಿ ಎಂದರೆ ವರಸೆಯಲ್ಲಿ ವರಲಕ್ಷ್ಮಮ್ಮನಿಗೆ ಅಣ್ಣನಾಗಬೇಕಾದ ದೊಡ್ಡಪ್ಪನ ಮಗ. ಹೊಸೂರಿನಲ್ಲಿ ಸೈಟು ಮಾರಿಸುವ ದಲ್ಲಾಳಿ. ಜಯಂತಿಯ ಹೆಸರನ್ನು ಯಾವಾಗಲೂ ವಾಸಂತಿ ಎಂದು ಕರೆಯುವ ಮನುಷ್ಯ.

"ಆ ಮೂರ್ತಿನಾ?" ರಾಮಾಂಜಿನಪ್ಪ ಎದ್ದು ನಿಂತ. "ಅವನ ಕೈಗೆ ನನ್ನ ಹುಡ್ಗೀನ ಕೊಡ್ತೀರಾ?"

"ಅಷ್ಟು ಉರಿಯೋದಾದ್ರೆ ಬಾ."

"ಮಾತು ಆಡಿದೀನಿ ಕಣೇ!"

"ನಿನ್ನ ಮಾತನ್ನ ಉಪ್ಪಿನಕಾಯಿ ಹಾಕ್ಕಳಣ್ಣ," ಎಂದು ವರಲಕ್ಷ್ಮಮ್ಮ ಎದ್ದು ಹೊರಟಳು. ಬಾಗಿಲ ಹತ್ತಿರ ಮೂಗು ಒರೆಸಿಕೊಂಡದ್ದನ್ನು ಅವನು ನೋಡಿದ.

ಊರ ಹಿರಿಯರು ಒಂದು ಉಪಾಯ ಹೇಳಿದರು. ಮುನೇಶ್ವರನಿಗೆ ತಪ್ಪುಗಾಣಿಕೆ ಕಟ್ಟಿದರೆ ಆಡಿದ ಮಾತು ಬಿಟ್ಟುಹೋಗುತ್ತದೆ ಎಂದು. ರಾಮಾಂಜಿನಪ್ಪ ಅದಕ್ಕೂ ರೇಗಿದ. ನಾಲಿಗೆ ನನ್ನದು, ದಂಡ ಕಟ್ಟಿ ಅದನ್ನು ದೇವರಿಂದ ಬಿಡಿಸಿಕೊಳ್ಳಲೇ ಎಂದ. ರಮಾದೇವಿ ತನ್ನ ಪಾಡಿಗೆ ಸೀರೆ, ಕುಪ್ಪಸ, ಬಳೆ, ಬೆಲ್ಲ, ಕೊಬ್ಬರಿ ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿ ಗೋಡೆಯ ಗೂಡಿನಲ್ಲಿ ಇಟ್ಟಳು. ಅದು ಸೋದರಮಾವನ ಮನೆಯಿಂದ ಹೋಗಬೇಕಾದ ತಟ್ಟೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ರಾಮಾಂಜಿನಪ್ಪ ಎದುರು ಗೋಡೆ ನೋಡುತ್ತಿದ್ದ.

ಮಂಗಳವಾರ ರಾಗಿ ಬೀಸಿಸಲು ಹಿಟ್ಟಿನ ಮಿಷನ್ನಿಗೆ ಹೋದ. ಮಿಷನ್ ಇಟ್ಟಿದ್ದವನು ಇನ್ನಾಸಪ್ಪ. ತಾತನ ಕಾಲದಿಂದ ಕ್ರೈಸ್ತರಾದ ಮನೆತನ. ಭಾನುವಾರ ಚರ್ಚಿನಲ್ಲಿ ಬೈಬಲ್ಲಿನ ಪಾಠ ಓದುವ ಕೆಲಸ ಅವನದು. ಕ್ರಿಸ್‌ಮಸ್‌ಗೆ ಮುಂಚಿನ ಆ ವಾರಗಳನ್ನು ಅವರು ಬರುವವನಿಗಾಗಿ ಕಾಯುವ ದಿನಗಳು ಎನ್ನುತ್ತಾರೆ. ಓದುವುದನ್ನು ಮೊದಲು ಸ್ವಂತ ಮಾತಿನಲ್ಲಿ ಹೇಳಿ ಹೇಳಿ ಬಾಯಿಗೆ ತಂದುಕೊಳ್ಳುವುದು ಅವನ ರೂಢಿ. ಮಿಷನ್ನಿನ ಸದ್ದಿನಲ್ಲಿ ತನಗೇ ಕೇಳಬೇಕಲ್ಲ, ಅದಕ್ಕೆ ಕೂಗಿ ಹೇಳುತ್ತಿದ್ದ. ಸದ್ದಿನ ನಡುವೆ ಬೇರೆಯವರಿಗೆ ಏನೂ ತಿಳಿಯುತ್ತಿರಲಿಲ್ಲ.

ರಾಮಾಂಜಿನಪ್ಪ ಚೀಲ ಇಳಿಸಿ ಒಳಗೆ ಕಾಲಿಟ್ಟ. ಅದೇ ಗಳಿಗೆಗೆ ಕರೆಂಟು ಹೋಯಿತು. ಮಿಷನ್ ಗಕ್ಕನೆ ನಿಂತಿತು. ಇನ್ನಾಸಪ್ಪನ ಬಾಯಿ ಮಾತ್ರ ನಿಲ್ಲಲಿಲ್ಲ.

"ನೋಡ್ರಪ್ಪಾ, ನೋಡ್ರಿ! ಬತ್ತಾವ್ನೆ ದೊಡ್ಡೋನು! ಕತ್ತೆ ಮ್ಯಾಲೆ ಕುಂತ್ಕಂಡು ಬತ್ತಾವ್ನೆ!"

ಹಿಟ್ಟಿಗಾಗಿ ಕಾದಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ರಾಮಾಂಜಿನಪ್ಪ ಹೋಗಿ ಇನ್ನಾಸಪ್ಪನ ಅಂಗಿಯ ಕತ್ತಿನಪಟ್ಟಿ ಹಿಡಿದ.

"ಯಾರಿಗ್ಲಾ ಅಂತಿದೀಯ? ಎಷ್ಟ್ ಕೊಬ್ಬು ನಿಂಗೆ!"

"ಅಯ್ಯೋ ಬಿಡು ರಾಮಾಂಜಿನಣ್ಣ, ನಿಂಗಲ್ಲ! ದೇವರ ಮಾತು ಕಣಣ್ಣ, ಭಾನುವಾರಕ್ಕೆ!"

"ದೇವರ ಮಾತಲ್ಲಿ ಕತ್ತೆ ಯಾಕ್ಲಾ ಬತ್ತದೆ?"

"ಕೂತ್ಕೊ, ಹೇಳ್ತೀನಿ. ಹೆಂಗೂ ಕರೆಂಟಿಲ್ಲ."

ಮುಖಕ್ಕೆಲ್ಲ ಹಿಟ್ಟು ಮೆತ್ತಿಕೊಂಡ ಇನ್ನಾಸಪ್ಪ ಬೆಳ್ಳಗಿನ ಹುಬ್ಬುಗಳನ್ನು ಒರೆಸಿಕೊಂಡು ಹೇಳಿದ. ಏಸುವಿಗಿಂತ ನೂರಾರು ವರ್ಷ ಮುಂಚೆ ಇಬ್ರಿಯರು ಎಂಬ ಜನ ಇದ್ದರು. ಪರದೇಶದ ರಾಜರು ಬಂದು ಅವರ ಊರು ಸುಟ್ಟರು, ಗುಡಿ ಕೆಡವಿದರು, ಜನರನ್ನು ಹಿಡಿದುಕೊಂಡು ಹೋದರು. ಎಷ್ಟೋ ಕಾಲದ ಮೇಲೆ ಆ ಜನ ವಾಪಸು ಬಂದು ಬಿದ್ದ ಗೋಡೆ ಕಟ್ಟುತ್ತಾ ಕೂತಾಗ, ಅವರ ಪ್ರವಾದಿಗಳು ಧೈರ್ಯ ಹೇಳಿದರು. ನಿಮಗೊಬ್ಬ ರಾಜ ಬರುತ್ತಾನೆ. ಬಿಲ್ಲು ಮುರಿಯುತ್ತಾನೆ, ರಥ ಬೇಡ ಎನ್ನುತ್ತಾನೆ, ಎಲ್ಲ ಸೀಮೆಯ ಜನರಿಗೂ ಶಾಂತಿಯ ಮಾತು ಹೇಳುತ್ತಾನೆ. ಅವನು ಬರುವುದು ಕತ್ತೆಯ ಮೇಲೆ.

"ರಾಜ ಅಂತೀಯ. ಒಂದು ಕುದುರೆ ಇರ್ಲಿಲ್ವಾ?"

"ಇತ್ತು, ಬ್ಯಾಡ ಅಂದ. ಕುದುರೆ ಹತ್ತಿ ಬಂದ್ರೆ ಜನ ಏನಂತ ತಿಳೀತಾರೆ? ಬಂದ ಯುದ್ಧಕ್ಕೆ ಅಂತ ಬಾಗ್ಲು ಹಾಕ್ಕಂತಾರೆ. ಕತ್ತೆ ಮ್ಯಾಲೆ ಬಂದೋನ ಕಂಡು ಯಾರು ಹೆದರ್ತಾರೆ ಹೇಳು?"

"ನಮ್ಮ ಕಲ್ಕಿ ಬರೋದು ಬಿಳಿ ಕುದುರೆ ಮ್ಯಾಲೆ. ಕೈಲಿ ಕತ್ತಿ."

"ಬರ್ಲಿ. ಅವನು ಬರೋ ಹೊತ್ಗೆ ನಾವು ಒಳ್ಳೇರಾಗಿದ್ರೆ ಸಾಕು," ಎಂದ ಇನ್ನಾಸಪ್ಪ.

ರಾಮಾಂಜಿನಪ್ಪ ರಾಗಿ ಚೀಲ ಪಕ್ಕಕ್ಕೆ ಸರಿಸಿದ. "ಬಂದ್ನಾ ಮತ್ತೆ ಆ ರಾಜ?"

"ಬಂದ ಅಂತೀವಿ ನಾವು, ಇನ್ನೊಂದು ಸಲ ಬತ್ತಾನೆ ಅಂತಾನೂ ಕಾಯ್ತೀವಿ. ಪ್ರವಾದಿ ಯಾರಿಗೆ ಹೇಳಿದ್ನೋ ಆ ಯೆಹೂದ್ಯರು, ಇಲ್ಲ, ಇನ್ನೂ ಬರಬೇಕು ಅಂತ ಕಾಯ್ತಾವ್ರೆ. ತೋಳ ಕುರಿ ಒಂದೇ ಕಡೆ ಮಲಗೋ ಕಾಲ ಬತ್ತದೆ ಅಂತಾನೂ ಅವರ ಇನ್ನೊಬ್ಬ ಪ್ರವಾದಿ ಹೇಳವ್ನೆ. ಅದು ಆಗಿಲ್ಲ ಅಂಬೋದಂತೂ ನಿಂಗೂ ನಂಗೂ ಕಾಣ್ತದೆ."

"ಎಲ್ರೂ ಕಾಯೋರೇ ಆದ್ರಲ್ಲ."

"ಕಾಯೋದು ತಪ್ಪಲ್ಲಣ್ಣ. ಆದ್ರೆ ನೋಡು, ಆ ರಾಜ ಅರಮನೇಲಿ ಕುಂತು, ಜನ ಬಂದು ಕಾಲಿಗೆ ಬೀಳ್ಲಿ ಅಂತ ಕಾಯ್ಲಿಲ್ಲ. ದೊಡ್ಡೋನು ತಾನೇ ಕೆಳಗಿಳಿದು ಬಂದ. ಕತೆ ಇರೋದೇ ಅಲ್ಲಿ."

ಕರೆಂಟು ಬಂತು, ಮಿಷನ್ ಕೂಗಲು ಶುರುಮಾಡಿತು. ರಾಮಾಂಜಿನಪ್ಪ ಬಿಸಿ ಹಿಟ್ಟಿನ ಚೀಲ ಹೊತ್ತು ಹೊರಟ. ದಾರಿಯುದ್ದಕ್ಕೂ ಅದೇ ಯೋಚನೆ. ತಾನು ಲೋಕದಲ್ಲೆಲ್ಲ ಹುಡುಕಿ ಮಾನಗೇಡಿನ ಗುರುತು ಎಂದು ಆರಿಸಿಕೊಂಡದ್ದು ಕತ್ತೆಯನ್ನು. ಅದೇ ಕತ್ತೆ ಎಲ್ಲೋ ಇನ್ನೊಂದು ಸೀಮೆಯ ಜನಕ್ಕೆ ಶಾಂತಿಯ ಗುರುತು. ಅಂದರೆ ಕತ್ತೆಯಲ್ಲಿ ಏನೂ ತಪ್ಪಿಲ್ಲ, ಹತ್ತುವವನು ಯಾಕೆ ಹತ್ತುತ್ತಾನೆ ಅನ್ನುವುದು ಮುಖ್ಯ. ಮನೆ ಮುಟ್ಟುವ ಹೊತ್ತಿಗೆ ಅವನಿಗೆ ನಗು ಬರುತ್ತಿತ್ತು. ನಗು ಬಂದದ್ದಕ್ಕೆ ಸಿಟ್ಟೂ ಬಂತು.

ಕತ್ತೆ ಸಿಗಬೇಕಲ್ಲ! ಹಿಂದೆ ಮಡಿವಾಳರ ಮನೆಗಳಲ್ಲಿ ಕತ್ತೆಗಳಿದ್ದವು. ಮಡಿವಾಳರ ಮುನೀಂದ್ರನನ್ನು ಕೇಳಿದರೆ, "ಈಗ ಆಟೋ ಐತೆ ಯಜಮಾನ್ರೇ, ಬೇಕಾದ್ರೆ ಅದ್ರಾಗೆ ಬಿಟ್ಟು ಬತ್ತೀನಿ," ಎಂದ. ಆಡಿದ ಮಾತಿನಲ್ಲಿ ಆಟೋ ಇರಲಿಲ್ಲ. ಕೊನೆಗೆ ಗುರುವಾರ ಸೂಳಗಿರಿಯ ಪೇಟೆಯಲ್ಲಿ ಕತ್ತೆ ಹಾಲು ಮಾರುವ ನರಸಮ್ಮ ಕಣ್ಣಿಗೆ ಬಿದ್ದಳು. ಒಂದು ತಾಯಿ ಕತ್ತೆ, ಅದರ ಹಿಂದೆ ಒಂದು ಮರಿ. ಹಸುಗೂಸಿಗೆ ಒಂದು ಚಮಚ ಕುಡಿಸಿದರೆ ಮಾತು ಚುರುಕಾಗುತ್ತದೆ ಎಂದು ತೆಲುಗಿನಲ್ಲೂ ತಮಿಳಿನಲ್ಲೂ ಕೂಗುತ್ತಾ ಅವಳು ಬೀದಿ ಬೀದಿ ತಿರುಗುತ್ತಿದ್ದಳು.

ರಾಮಾಂಜಿನಪ್ಪ ತನ್ನ ಕೋರಿಕೆ ಹೇಳಿದ. ನರಸಮ್ಮ ಅವನನ್ನು ಮೇಲಿನಿಂದ ಕೆಳಗೆ ಅಳೆದಳು.

"ಇದಿ ಗುರ್ರಂ ಕಾದು ಸಾಮೀ! ಕುದುರೆ ಅಲ್ಲ ಇದು. ನಿಮ್ಮ ಹೊಟ್ಟೆ ನೋಡಿದ್ರೆ ನನ್ನ ಲಚ್ಚಿಗೆ ಹಾಲು ಬತ್ತಿಹೋಗ್ತದೆ."

"ಬರೀ ಒಂದು ಬೀದಿ ಕಣಮ್ಮ. ಮದುವೆ ಮನೆ. ಗುಮ್ಮಳಾಪುರದಿಂದ ದಿಬ್ಬಣ ಬತ್ತದೆ, ಎಷ್ಟು ಹಸುಗೂಸುಗಳಿರ್ತಾವೆ ನೋಡ್ಕೊ."

ನರಸಮ್ಮನ ಮುಖ ಅರಳಿತು. ವ್ಯಾಪಾರ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಶುಕ್ರವಾರ ಬೆಳಗ್ಗೆ ಬೀದಿಯ ಆ ತುದಿಯಿಂದ ವಾಲಗದ ಸದ್ದು ಕೇಳುತ್ತಿತ್ತು. ರಮಾದೇವಿ ಒಳಗಿನಿಂದ ಬಂದು ನೋಡುತ್ತಾಳೆ, ಗಂಡ ಹೊಸ ಪಂಚೆ ಉಟ್ಟು, ತಲೆಗೆ ಜರಿ ರುಮಾಲು ಸುತ್ತಿ, ಮನೆಯ ಜಗಲಿಯಿಂದ ಕತ್ತೆಯ ಬೆನ್ನಿಗೆ ಕಾಲು ಚಾಚುತ್ತಿದ್ದಾನೆ. ಅವಳು ಕಂಬ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ನಗಬ್ಯಾಡ್ವೇ! ತಟ್ಟೆ ತಗಂಡ್ ಬಾ."

"ಅದು ಆವಾಗ್ಲೇ ರೆಡಿ ಐತೆ ಕಣ್ರೀ. ಕತ್ತೆ ಬರೋದೇ ತಡ ಆಗಿದ್ದು," ಎಂದು ಅವಳು ಒಳಕ್ಕೆ ಓಡಿದಳು.

ಲಚ್ಚಿ ನಾಲ್ಕು ಹೆಜ್ಜೆ ಇಟ್ಟು ನಿಂತಿತು. ರಾಮಾಂಜಿನಪ್ಪ ಗದರಿದ. ಅದು ಕಿವಿ ಹಿಂದಕ್ಕೆ ಮಡಚಿತು, ಅಷ್ಟೇ. ಆಗ ಮಿಷನ್ ಬಾಗಿಲು ಹಾಕಿಕೊಂಡು ಇನ್ನಾಸಪ್ಪ ಓಡಿಬಂದ. ಕೈಯಲ್ಲಿ ಹಸಿ ಅವರೆ ಬಳ್ಳಿ. ಅದನ್ನು ಕತ್ತೆಯ ಮೂತಿಯ ಮುಂದೆ ಹಿಡಿದು ಹಿಮ್ಮುಖವಾಗಿ ನಡೆದ. ಕತ್ತೆ ಬಳ್ಳಿಯ ಹಿಂದೆ ಹೊರಟಿತು, ಮರಿ ತಾಯಿಯ ಹಿಂದೆ, ತಟ್ಟೆ ಹಿಡಿದ ರಮಾದೇವಿ ಮರಿಯ ಹಿಂದೆ, ಎಲ್ಲರ ಹಿಂದೆ ನರಸಮ್ಮ.

ಬೀದಿಗೆ ಬೀದಿಯೇ ಹೊರಗೆ ಬಂದಿತು. ಜನ ಮೊಬೈಲು ಹಿಡಿದು ವಿಡಿಯೋ ತೆಗೆದರು. "ರಾಮಾಂಜಿನಣ್ಣ, ಮುಖ ಬಾಲದ ಕಡೆಗೆ ಇರ್ಬೇಕಿತ್ತು!" ಎಂದು ಒಬ್ಬ ಕೂಗಿದ. "ನಿನ್ನ ಮುಖ ನೋಡಿದ್ರೆ ಯಾವ ಕಡೆ ಬಾಲ ಅಂತಾನೇ ತಿಳಿಯಾಕಿಲ್ಲ, ಹೋಗ್ಲಾ!" ಎಂದ ಇವನು. ನಗುವ ಜನಕ್ಕೆ ಅವನು ಹೆದರಲಿಲ್ಲ. ಬೀದಿಯ ಆ ತುದಿಯಲ್ಲಿರುವ ಒಬ್ಬ ನಗದಿದ್ದರೆ ಏನು ಗತಿ ಎಂದು ಹೆದರಿದ.

ಆ ಒಬ್ಬ ನಗಲಿಲ್ಲ. ಕತ್ತೆ ಚಪ್ಪರದ ಮುಂದೆ ಬಂದು ನಿಂತಾಗ ವಾಲಗದವರು ಊದುವುದನ್ನು ಮರೆತರು. ವೆಂಕಟರಾಮಪ್ಪ ಒಳಗಿನಿಂದ ಬಂದ. ಮುಖ ಕೆಂಪಗಾಗಿತ್ತು.

"ಇದೇನ್ ಭಾವ? ನನ್ನ ಮಗಳ ಮದ್ವೆ ದಿನ, ಬೀಗರ ಮುಂದೆ, ನನ್ನ ಬಾಗ್ಲಿಗೆ ಕತ್ತೆ ಮೆರವಣಿಗೆ ತಂದ್ಯಾ? ಮಾನ ತೆಗಿಯಾಕೆ ಇವತ್ತೇ ಬೇಕಾಗಿತ್ತಾ?"

ರಾಮಾಂಜಿನಪ್ಪನಿಗೆ ತಾನು ಮಾಡಿದ ಎಡವಟ್ಟು ಆಗ ಹೊಳೆಯಿತು. ಕತ್ತೆ ಶಾಂತಿಯ ಗುರುತು ಎನ್ನುವುದು ಗೊತ್ತಿದ್ದದ್ದು ಹಿಟ್ಟಿನ ಮಿಷನ್ನಿನಲ್ಲಿದ್ದ ನಾಲ್ಕು ಜನಕ್ಕೆ. ವೆಂಕಟರಾಮಪ್ಪನಿಗೆ ಕತ್ತೆ ಅಂದರೆ ಹಳೆಯ ಕತ್ತೆಯೇ. ಹಳೇ ಸಿಟ್ಟು ರಾಮಾಂಜಿನಪ್ಪನ ಗಂಟಲ ತನಕ ಬಂತು. ಹಲ್ಲು ಕಚ್ಚಿ ನುಂಗಿದ. ಹುಟ್ಟಿದಾಗಿನಿಂದ ಅವನು ಸಿಟ್ಟು ನುಂಗಿದ್ದು ಅದೇ ಮೊದಲು. ಮದ್ದಿನ ಗುಳಿಗೆಯ ಹಾಗೆ ಅದು ಅರ್ಧದಲ್ಲೇ ಸಿಕ್ಕಿಕೊಂಡಿತು.

"ಲೋ ವೆಂಕಟರಾಮ, ಕೇಳ್ಲಾ. ಮಾನ ಹೋಗೋದಾದ್ರೆ ಕತ್ತೆ ಮ್ಯಾಲಿರೋನದು, ನಿಂದಲ್ಲ. ಇನ್ನಾಸಪ್ಪನ ಕಡೆಯೋರ ಪ್ರವಾದಿ ಒಬ್ಬ ಹೇಳವ್ನೆ. ಜಗಳಕ್ಕೆ ಬರೋನು ಕುದುರೆ ಹತ್ತಿ ಬತ್ತಾನಂತೆ. ರಾಜಿಗೆ ಬರೋನು ಇದರ ಮ್ಯಾಲೆ ಬತ್ತಾನಂತೆ. ನಂಗೆ ಅದೆಲ್ಲಾ ಪೂರ್ತಿ ತಿಳೀದು. ನಾನು ರಾಜನೂ ಅಲ್ಲ, ಎಂಥದೂ ಅಲ್ಲ. ಆಡಿದ್ ಮಾತು ಉಳಿಸ್ಕಂಡು ನಿನ್ನ ಬಾಗ್ಲಿಗೆ ಬರಾಕೆ ಇದೊಂದೇ ದಾರಿ ಇತ್ತು. ನೀನು ಬಂದು ಕರೀಲಿ ಅಂತ ಕಾದೆ. ನೀನೂ ಕಾದೆ. ಸಾಕು. ಬಂದಿದೀನಿ. ಹುಡ್ಗೀನ ಹಸೆಗೆ ನಾನು ಕರ್ಕಂಡ್ ಹೋಗ್ತೀನಿ. ಬ್ಯಾಡ ಅಂದ್ರೆ ಇದೇ ಕತ್ತೆ ತಿರುಗಿಸ್ಕಂಡು ಹೊಂಟೋಗ್ತೀನಿ."

"ತಿರುಗಾಕಿಲ್ಲ ಸಾಮೀ," ಎಂದಳು ನರಸಮ್ಮ ಹಿಂದಿನಿಂದ. "ಅದು ಆಗ್ಲೇ ತಿನ್ನಾಕೆ ನಿಂತೈತೆ."

ನಿಜ. ಲಚ್ಚಿ ಚಪ್ಪರದ ಕಂಬಕ್ಕೆ ಕಟ್ಟಿದ್ದ ಬಾಳೆಯ ಎಲೆಯನ್ನು ನಿಧಾನವಾಗಿ, ಬಹಳ ಮರ್ಯಾದೆಯಿಂದ ಮೇಯುತ್ತಿತ್ತು. ಬೀಗರ ಕಡೆಯ ಯಾರೋ ಮುದುಕಿ ಜೋರಾಗಿ ನಕ್ಕಳು. ವೆಂಕಟರಾಮಪ್ಪ ಕತ್ತೆಯನ್ನು ನೋಡಿದ. ರುಮಾಲು ಓರೆಯಾಗಿ, ಬೆವೆತು ಕೂತಿದ್ದ ಭಾವನನ್ನು ನೋಡಿದ. ತುಟಿ ಅದುರಿತು.

"ಇಳೀರಿ ಭಾವ," ಎಂದ. ಬಹುವಚನ ಬಂದಿತ್ತು.

"ಇಳಿಯಾಕೆ ಆಗ್ತಿಲ್ಲ ಕಣ್ಲಾ. ಕಾಲು ಎರಡೂ ಜೋಮು ಹಿಡಿದುಬಿಟ್ಟವೆ."

ವೆಂಕಟರಾಮಪ್ಪ ಹತ್ತಿರ ಬಂದು ಅವನ ಸೊಂಟಕ್ಕೆ ಕೈ ಹಾಕಿ ಎತ್ತಿದ. ರಾಮಾಂಜಿನಪ್ಪ ಅವನ ಕತ್ತು ತಬ್ಬಿದ. ಕಾಲು ನೆಲ ಮುಟ್ಟಿದ ಮೇಲೂ ಇಬ್ಬರು ದಪ್ಪ ಹೊಟ್ಟೆಯ ಗಂಡಸರು ಹಾಗೆಯೇ ನಿಂತರು. ಕಾಲಿಗೆ ಇನ್ನೂ ರಕ್ತ ಇಳಿದಿರಲಿಲ್ಲ, ಅದಕ್ಕೆ ಬಿಡಲಿಲ್ಲ ಎಂದು ರಾಮಾಂಜಿನಪ್ಪ ಆಮೇಲೆ ಹೇಳಿದ. ವೆಂಕಟರಾಮಪ್ಪ ಯಾಕೆ ಬಿಡಲಿಲ್ಲ ಎಂದು ಯಾರೂ ಕೇಳಲಿಲ್ಲ. ವರಲಕ್ಷ್ಮಮ್ಮ ತಂಬಿಗೆಯಲ್ಲಿ ನೀರು ತಂದು ಅಣ್ಣನ ಕಾಲಿಗೆ ಸುರಿದಳು. ಅರ್ಧ ನೀರು ಗಂಡನ ಕಾಲಿಗೂ ಬಿತ್ತು. ವಾಲಗದವರಿಗೆ ತಮ್ಮ ಕೆಲಸ ನೆನಪಾಯಿತು.

ಬಾಗಿಲಲ್ಲಿ ಜಯಂತಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದಳು. ಅವಳ ಪಕ್ಕದಲ್ಲಿ ಗರಿಗರಿ ಅಂಗಿಯ ಮೂರ್ತಿ, "ವಾಸಂತಿ, ನಡಿಯಮ್ಮ," ಎನ್ನುತ್ತಿದ್ದ. ಅವಳು ಆ ಕಡೆ ತಿರುಗಿಯೂ ನೋಡದೆ ಮಾವನ ಮುಂದೆ ಕೈ ಚಾಚಿದಳು.

ರಾಮಾಂಜಿನಪ್ಪ ಕೈ ಹಿಡಿದುಕೊಂಡು ಒಂದು ಹೆಜ್ಜೆ ಇಟ್ಟ. ಕಾಲು ಬಾಗಿತು.

"ಭಾವ," ಎಂದ ವೆಂಕಟರಾಮಪ್ಪ ಪಕ್ಕದಿಂದ, ದನಿ ತಗ್ಗಿಸಿ, "ಆಣೆ ಹಾಕ್ಕಂಡು ಹೇಳ್ತೀನಿ, ಅವತ್ತು ಆನೇನ ನಾನು ಕಾಡ್ ಕಡೀಕೇ ಅಟ್ಟಿದ್ದು."

"ಸುಳ್ಳು ಬೊಗಳಬ್ಯಾಡ. ಪಟಾಕಿ ನೀನು ಹಚ್ಚಿದ್ದು ಹುಣಸೆ ಮರದ ಕಡೆಯಿಂದ. ಅಲ್ಲಿಂದ ಹಚ್ಚಿದ್ರೆ ಅದು ಕಾಡಿಗೆ ಹೆಂಗ್ಲಾ ಹೋಗ್ತದೆ?"

"ಹುಣಸೆ ಮರ ಅಲ್ಲ, ಹೊಂಗೆ ಮರ!"

"ಹುಣಸೆ!"

"ಇಬ್ರೂ ಬಾಯಿ ಮುಚ್ಕಂಡ್ ನಡೀರಿ," ಎಂದಳು ಜಯಂತಿ. "ಮುಹೂರ್ತ ಮೀರ್ತದೆ. ಊಟ ಆದ್ಮ್ಯಾಲೆ ಮರ ಯಾವ್ದು ಅಂತ ಹೋಗಿ ನೋಡ್ಕಂಡ್ ಬನ್ನಿ."

ಸೋದರಮಾವ ಹೆಣ್ಣನ್ನು ಹಸೆಗೆ ಕರೆದುಕೊಂಡು ಹೋದ ಎಂದು ಊರಿನಲ್ಲಿ ಹೇಳುತ್ತಾರೆ. ವಿಡಿಯೋ ನೋಡಿದವರಿಗೆ ಬೇರೆಯೇ ಕಾಣುತ್ತದೆ. ಪಂಚೆಗೆಲ್ಲ ಕತ್ತೆಯ ಕೂದಲು ಮೆತ್ತಿಕೊಂಡ ಒಬ್ಬ ಮನುಷ್ಯ ತೂರಾಡುತ್ತಾ, ಹಲ್ಲು ಕಿರಿಯುತ್ತಾ ಬರುತ್ತಿದ್ದಾನೆ. ಅವನು ಬೀಳದ ಹಾಗೆ ತೋಳು ಗಟ್ಟಿಯಾಗಿ ಹಿಡಿದು, ಮದುವೆಯ ಹೆಣ್ಣೇ ಅವನನ್ನು ಹಸೆಯ ತನಕ ನಡೆಸಿಕೊಂಡು ಹೋಗುತ್ತಿದ್ದಾಳೆ.